ರೂಟ್ ಸಿಗದೆ ನಿಂತ ಲಿನಕ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೂಟ್ ಆಗುವಾಗ ರೂಟ್ ಫೈಲ್‌ಸಿಸ್ಟಂ (ಇಡೀ ವ್ಯವಸ್ಥೆಯ ಫೈಲ್‌ಗಳಿರುವ ‘/’ ಎಂಬ ಬುಡ) ಮೌಂಟ್ ಆಗದೆ, ಅಂದರೆ ಬಳಕೆಗೆ ಜೋಡಣೆಯಾಗದೆ, ಲಿನಕ್ಸ್ ನಿಂತುಬಿಡುತ್ತದೆ ಎಂಬ ದೂರಿನ ಸುತ್ತ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ. ಯುಯುಐಡಿ, ಪಾರ್ಟ್‌ಯುಯುಐಡಿ (ಫೈಲ್‌ಸಿಸ್ಟಂ ಮತ್ತು ಪಾರ್ಟಿಶನ್‌ಗಳ ಗುರುತಿನ ಸಂಖ್ಯೆ) ಎಂಬ ಎರಡು ಹೆಸರುಗಳು ದೊಡ್ಡಕ್ಷರ, ಬೇರೆ ಕಡೆ ದೊಡ್ಡಕ್ಷರ ಬೇಕಾದರೆ ಅಲ್ಲೇ ಹೇಳಿದ್ದೇವೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಹಂತದಲ್ಲಿ ಯಂತ್ರ ನಿಂತರೆ ನಿಮ್ಮ ಫೈಲ್‌ಗಳು ಹೋದವು ಎಂದು ಅರ್ಥವಲ್ಲ. ಹೆಚ್ಚಿನ ಸಲ ಅವು ಇದ್ದಲ್ಲೇ ಇರುತ್ತವೆ, ಅಲ್ಲಿಗೆ ಹೋಗುವ ದಾರಿ ಮಾತ್ರ ತಪ್ಪಿರುತ್ತದೆ. ದಯವಿಟ್ಟು ಅವಸರಪಟ್ಟು ಮರು ಇನ್‌ಸ್ಟಾಲ್ ಮಾಡಬೇಡಿ.

ಪ್ರಶ್ನೆ: ಡಿಸ್ಕನ್ನು ಓದಬೇಕಾದರೆ ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಡ್ರೈವರ್ ಬೇಕು. ಆ ಡ್ರೈವರ್ ಫೈಲ್ ಇರುವುದು ಅದೇ ಡಿಸ್ಕಿನ ‘/ಲಿಬ್/ಮಾಡ್ಯೂಲ್ಸ್’ ಒಳಗೆ. ಹಾಗಿದ್ದರೆ ಮೊದಲ ಸಲ ಡಿಸ್ಕನ್ನು ಓದುವುದು ಹೇಗೆ? (ಬಿಸಿಎ ವಿದ್ಯಾರ್ಥಿ, ಧಾರವಾಡ)

ಉತ್ತರ: ಬೀಜ ಮೊದಲೋ ವೃಕ್ಷ ಮೊದಲೋ ಎನ್ನುವಂಥ ಈ ಪ್ರಶ್ನೆ ಕರ್ನಲ್ ಬರೆದವರಿಗೂ ಎದುರಾಗಿತ್ತು. ಅವರು ಕಂಡುಕೊಂಡ ಉತ್ತರವೇ ಇನಿಟ್‌ರಾಮ್‌ಎಫ್‌ಎಸ್.

ಕರ್ನಲ್ ಎದ್ದ ಕೂಡಲೇ ಡಿಸ್ಕಿನ ಕಡೆ ಹೋಗುವುದಿಲ್ಲ. ಮೆಮೊರಿಯಲ್ಲೇ ಒಂದು ಖಾಲಿ ಫೈಲ್‌ಸಿಸ್ಟಂ ಕಟ್ಟಿಕೊಂಡು ಅದನ್ನೇ ‘/’ ಎಂದು ಇಟ್ಟುಕೊಳ್ಳುತ್ತದೆ. ಇದಕ್ಕೆ ರೂಟ್‌ಎಫ್‌ಎಸ್ ಎನ್ನುತ್ತಾರೆ. ಒಳಗಡೆ ಅದು ರಾಮ್‌ಎಫ್‌ಎಸ್ ಅಥವಾ ಟಿಎಂಪಿಎಫ್‌ಎಸ್. ಇದು ಪ್ರತಿ ಲಿನಕ್ಸ್ ಯಂತ್ರದಲ್ಲೂ ಇರುತ್ತದೆ, ಇದನ್ನು ಅನ್‌ಮೌಂಟ್ ಮಾಡಲು ಬರುವುದಿಲ್ಲ. ಡಿಸ್ಕಿನ ನಿಜವಾದ ರೂಟ್ ಆಮೇಲೆ ಇದರ ಮೇಲೆ ಬಂದು ಕೂರುತ್ತದೆ.

ಗ್ರಬ್‌ನಂಥ ಬೂಟ್‌ಲೋಡರ್ ಎರಡು ಫೈಲ್‌ಗಳನ್ನು ಮೆಮೊರಿಗೆ ತಂದಿಡುತ್ತದೆ: ಒಂದು ಕರ್ನಲ್, ಇನ್ನೊಂದು ‘ಇನಿಟ್‌ಆರ್‌ಡಿ.ಐಎಂಜಿ’ ಎಂಬ ಹೆಸರಿನ ಕಟ್ಟು, ಇದೇ ಇನಿಟ್‌ರಾಮ್‌ಎಫ್‌ಎಸ್. ಡಿಸ್ಕ್ ಓದಲು ಬೂಟ್‌ಲೋಡರ್ ಕಂಪ್ಯೂಟರಿನ ಫರ್ಮ್‌ವೇರ್ ನೆರವು ಪಡೆಯುತ್ತದೆ, ಹಾಗಾಗಿ ಲಿನಕ್ಸಿನ ಡ್ರೈವರ್ ಅದಕ್ಕೆ ಬೇಕಿಲ್ಲ. ಕರ್ನಲ್ ಓಡಲು ಶುರುಮಾಡುವ ಹೊತ್ತಿಗೆ ಆ ಕಟ್ಟು ಆಗಲೇ ಮೆಮೊರಿಯಲ್ಲಿದೆ. ಅದು ಸಿಪಿಐಒ ಮಾದರಿಯ ಆರ್ಕೈವ್. ಜಿಜಿಪ್, ಎಲ್‌ಝಡ್4 ಅಥವಾ ಝಡ್‌ಸ್ಟ್ಯಾಂಡರ್ಡ್‌ನಿಂದ ಕುಗ್ಗಿಸಿರುತ್ತಾರೆ. ಕರ್ನಲ್ ಅದನ್ನು ಬಿಚ್ಚಿ ರೂಟ್‌ಎಫ್‌ಎಸ್ ಒಳಗೆ ಹರಡಿ, ‘/ಇನಿಟ್’ ಎಂಬ ಫೈಲ್ ಇದೆಯೇ ಎಂದು ನೋಡುತ್ತದೆ.

ಇಲ್ಲಿ ದಾರಿ ಎರಡಾಗುತ್ತದೆ. ಮುಂದಿನ ಎಲ್ಲ ಉತ್ತರಗಳೂ ಈ ಕವಲನ್ನು ಹಿಡಿದೇ ನಡೆಯುತ್ತವೆ.

‘/ಇನಿಟ್’ ಇದ್ದರೆ ಕರ್ನಲ್ ಅದನ್ನು ಒಂದನೇ ನಂಬರಿನ ಪ್ರೊಸೆಸ್ ಆಗಿ ಓಡಿಸುತ್ತದೆ. ರೂಟ್ ಹುಡುಕುವ ಕೆಲಸ ಅಲ್ಲಿಗೆ ಕರ್ನಲ್ ಕೈಬಿಟ್ಟಿತು. ಆ ಸ್ಕ್ರಿಪ್ಟ್ ‘/ಪ್ರಾಕ್’, ‘/ಸಿಸ್’, ‘/ಡೆವ್’ ಮೌಂಟ್ ಮಾಡಿ, ಸಾಧನಗಳನ್ನು ಗುರುತಿಸುವ ಯುಡೆವ್ ಶುರುಮಾಡಿ, ಡಿಸ್ಕಿನ ಡ್ರೈವರ್‌ಗಳನ್ನು ಏರಿಸುತ್ತದೆ. ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಕೇಳುತ್ತದೆ, ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ಪದರ) ಇದ್ದರೆ ಅದನ್ನು ಎಬ್ಬಿಸುತ್ತದೆ. ಆಮೇಲೆ ‘/ಪ್ರಾಕ್/ಸಿಎಂಡಿಲೈನ್’ನಲ್ಲಿ ಬರೆದಿರುವ ‘ರೂಟ್=’ ಮೌಲ್ಯಕ್ಕೆ ಹೊಂದುವ ಪಾರ್ಟಿಶನ್ ಕಾಣಿಸುವವರೆಗೆ ಕಾಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಈ ಕಟ್ಟನ್ನು ತಯಾರಿಸುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ 30 ಸೆಕೆಂಡ್. ಪಾರ್ಟಿಶನ್ ಸಿಕ್ಕ ಮೇಲೆ ಅಲ್ಲಿ ‘/ರೂಟ್’ ಎಂಬ ಜಾಗದಲ್ಲಿ, ಫೆಡೋರಾ ಬಳಸುವ ಡ್ರೇಕಟ್‌ನಲ್ಲಿ ‘/ಸಿಸ್‌ರೂಟ್’ ಎಂಬ ಜಾಗದಲ್ಲಿ ಮೌಂಟ್ ಆಗುತ್ತದೆ. ಕೊನೆಗೆ ಮೆಮೊರಿ ಬಿಡಿಸಿಕೊಳ್ಳಲು ರೂಟ್‌ಎಫ್‌ಎಸ್‌ನ ಫೈಲ್‌ಗಳನ್ನು ಅಳಿಸಿ, ಹೊಸ ಮೌಂಟನ್ನು ‘/’ ಮೇಲೆ ಸರಿಸಿ, ಅದೇ ಒಂದನೇ ನಂಬರಿನಲ್ಲಿ ನಿಜವಾದ ‘/ಎಸ್‌ಬಿನ್/ಇನಿಟ್’ ಶುರುವಾಗುತ್ತದೆ. ಇದಕ್ಕೆ ಸ್ವಿಚ್‌ರೂಟ್ ಎನ್ನುತ್ತಾರೆ. ಹಳೆಯ ಇನಿಟ್‌ಆರ್‌ಡಿ ಕಾಲದಲ್ಲಿದ್ದ, ಎರಡು ರೂಟ್‌ಗಳನ್ನು ಅದಲು ಬದಲು ಮಾಡುವ ಪಿವಟ್‌ರೂಟ್ ಇಲ್ಲಿ ನಡೆಯದು, ಏಕೆಂದರೆ ರೂಟ್‌ಎಫ್‌ಎಸ್ ಜಾಗ ಬಿಟ್ಟು ಏಳುವುದೇ ಇಲ್ಲ.

‘/ಇನಿಟ್’ ಇಲ್ಲದಿದ್ದರೆ ಕರ್ನಲ್ ಯಾವ ಗಲಾಟೆಯೂ ಇಲ್ಲದೆ ಎರಡನೇ ದಾರಿ ಹಿಡಿಯುತ್ತದೆ. ‘ರೂಟ್=’ ಏನು ಹೇಳುತ್ತದೆ ಎಂದು ತಾನೇ ಓದಿ, ತನ್ನೊಳಗೇ ಬೆಸೆದಿರುವ ಡ್ರೈವರ್ ಮತ್ತು ಫೈಲ್‌ಸಿಸ್ಟಂಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತದೆ. ಮೌಂಟ್ ಆದರೆ ‘/ಎಸ್‌ಬಿನ್/ಇನಿಟ್’, ‘/ಇಟಿಸಿ/ಇನಿಟ್’, ‘/ಬಿನ್/ಇನಿಟ್’, ‘/ಬಿನ್/ಎಸ್‌ಎಚ್’ ಈ ಕ್ರಮದಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಮೌಂಟ್ ಆಗದಿದ್ದರೆ ಪ್ಯಾನಿಕ್, ಅಂದರೆ ಮುಂದೆ ಹೋಗಲಾಗದೆ ಕರ್ನಲ್ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಯಂತ್ರ ನಿಂತಾಗ ಮೊದಲು ಕೇಳಬೇಕಾದ್ದು: ಸೋತದ್ದು ಯಾರು, ಕರ್ನಲ್ಲೋ ಸ್ಕ್ರಿಪ್ಟೋ? ‘ಕರ್ನಲ್ ಪ್ಯಾನಿಕ್’ ಎಂದು ಬಂದು ಕೀಬೋರ್ಡ್ ಸತ್ತಿದ್ದರೆ ಕರ್ನಲ್. ಆವರಣದಲ್ಲಿ ‘(ಇನಿಟ್‌ರಾಮ್‌ಎಫ್‌ಎಸ್)’ ಎಂದೋ ‘ಡ್ರೇಕಟ್:/#’ ಎಂದೋ ಪ್ರಾಂಪ್ಟ್ ಬಂದು ಟೈಪ್ ಮಾಡಲು ಸಾಧ್ಯವಾದರೆ ಸ್ಕ್ರಿಪ್ಟ್. ಎರಡಕ್ಕೂ ಔಷಧ ಬೇರೆ ಬೇರೆ.

ಪ್ರಶ್ನೆ: ಉಬುಂಟು ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದೆ. ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’ ಎಂದು ಬಂದು ನಿಂತಿದೆ. ಅಂಗಡಿಯವರು ಹಾರ್ಡ್ ಡಿಸ್ಕ್ ಬದಲಿಸಬೇಕು ಎನ್ನುತ್ತಿದ್ದಾರೆ. ನಿಜವೇ? (ಓದುಗರು, ಶಿವಮೊಗ್ಗ)

ಉತ್ತರ: ಖಂಡಿತ ಬದಲಿಸಬೇಡಿ. ಅಪ್‌ಡೇಟ್ ಆದ ತಕ್ಷಣ ಈ ಸಾಲು ಬಂದರೆ ಕಾರಣ ಬಹುತೇಕ ಒಂದೇ: ಹೊಸ ಕರ್ನಲ್ ಬಂದಿದೆ, ಅದರ ಜೋಡಿಯ ಇನಿಟ್‌ರಾಮ್‌ಎಫ್‌ಎಸ್ ಬಂದಿಲ್ಲ ಅಥವಾ ಅರ್ಧಕ್ಕೆ ನಿಂತಿದೆ. ಕಟ್ಟು ಇಲ್ಲದ್ದರಿಂದ ಕರ್ನಲ್ ಎರಡನೇ ದಾರಿ ಹಿಡಿಯಿತು. ಉಬುಂಟುವಿನ ಗ್ರಬ್ ಸಾಮಾನ್ಯವಾಗಿ ಕೊಡುವುದು ‘ರೂಟ್=ಯುಯುಐಡಿ=...’ ರೂಪದ ವಿಳಾಸ. ಅದನ್ನು ಬಿಡಿಸಲು ಕರ್ನಲ್‌ಗೆ ತಾನಾಗಿ ಬರುವುದಿಲ್ಲ, ಸ್ಕ್ರಿಪ್ಟ್‌ಗೆ ಮಾತ್ರ ಬರುತ್ತದೆ. ಡಿಸ್ಕ್ ಯಾವುದೆಂದೇ ತಿಳಿಯದೆ ಹೋದಾಗ ಸೊನ್ನೆ, ಸೊನ್ನೆ ಎಂದು ಅಚ್ಚಾಗುತ್ತದೆ. ಡಿಸ್ಕ್ ಕೆಟ್ಟಿದೆ ಎನ್ನುವುದಕ್ಕೆ ಈ ಸಾಲಿನಲ್ಲಿ ಯಾವ ಪುರಾವೆಯೂ ಇಲ್ಲ.

ಮಾಡಬೇಕಾದ್ದು ಹೀಗೆ. ಪವರ್ ಒತ್ತಿದ ಮೇಲೆ ಯುಇಎಫ್‌ಐ ಯಂತ್ರವಾದರೆ ಎಸ್ಕೇಪ್ ಕೀ ತಟ್ಟಿ, ಹಳೆಯ ಬಯಾಸ್ ಆದರೆ ಶಿಫ್ಟ್ ಒತ್ತಿ ಹಿಡಿಯಿರಿ. ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಶನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿದರೆ ಯಂತ್ರ ಮಾಮೂಲಿನಂತೆ ಏಳುತ್ತದೆ. ಟರ್ಮಿನಲ್ ತೆರೆದು ‘ಡಿಎಫ್ -ಎಚ್ /ಬೂಟ್’ ಕೊಡಿ. ನೂರು ಪ್ರತಿಶತದ ಹತ್ತಿರ ಇದ್ದರೆ ಕಳ್ಳ ಸಿಕ್ಕ ಹಾಗೆಯೇ. ಎನ್‌ಕ್ರಿಪ್ಶನ್ ಅಥವಾ ಎಲ್‌ವಿಎಂ ಆರಿಸಿಕೊಂಡು ಇನ್‌ಸ್ಟಾಲ್ ಮಾಡಿದ ಯಂತ್ರಗಳಲ್ಲಿ ‘/ಬೂಟ್’ ಬೇರೆ ಪಾರ್ಟಿಶನ್, ಅದೂ ಚಿಕ್ಕದು. ಎರಡು ಮೂರು ಹಳೆಯ ಕರ್ನಲ್‌ಗಳು ಉಳಿದುಕೊಂಡರೆ ತುಂಬಿಹೋಗುತ್ತದೆ.

‘ಎಲ್‌ಎಸ್ -ಎಲ್‌ಎಚ್ /ಬೂಟ್’ ಕೊಟ್ಟು ‘ವಿಎಂಲಿನಜ್’ (ಕರ್ನಲ್ ಫೈಲ್) ಮತ್ತು ‘ಇನಿಟ್‌ಆರ್‌ಡಿ.ಐಎಂಜಿ’ ಫೈಲ್‌ಗಳನ್ನು ಆವೃತ್ತಿ ಸಂಖ್ಯೆ ನೋಡಿಕೊಂಡು ಜೋಡಿ ಮಾಡಿ. ಹೊಸ ಸಂಖ್ಯೆಯ ವಿಎಂಲಿನಜ್ ಇದ್ದು ಅದರ ಇನಿಟ್‌ಆರ್‌ಡಿ ಇಲ್ಲದಿರುವುದು, ಇಲ್ಲವೇ ಉಳಿದವಕ್ಕಿಂತ ತೀರಾ ಸಣ್ಣದಾಗಿರುವುದು ಕಾಣುತ್ತದೆ. ‘ಯುನೇಮ್ -ಆರ್’ ತೋರಿಸುವ ಆವೃತ್ತಿ ಈಗ ಓಡುತ್ತಿರುವುದು, ಅದನ್ನು ಮುಟ್ಟಬೇಡಿ. ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ‘/ಬೂಟ್’ ಒಳಗೆ ಹೋಗಿ ಕೈಯಾರೆ ‘ಆರ್‌ಎಂ’ ಮಾಡುವವರಿದ್ದಾರೆ. ಪ್ಯಾಕೇಜ್ ಲೆಕ್ಕದಲ್ಲಿ ಆ ಕರ್ನಲ್ ಇನ್ನೂ ಇರುವುದರಿಂದ ಮುಂದಿನ ಅಪ್‌ಡೇಟ್‌ನಲ್ಲಿ ಅದರ ಕಟ್ಟು ಮತ್ತೆ ಹುಟ್ಟಬಹುದು, ಮತ್ತೆ ಜಾಗ ತುಂಬುತ್ತದೆ.

ಜಾಗ ಆದ ಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಸಿ. ನಂತರ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಬರೆದು ಮುಂದೆ ಹೊಸ ಆವೃತ್ತಿಯ ಪೂರ್ತಿ ಹೆಸರು ಹಾಕಿ. ಫೈಲ್ ಆಗಲೇ ಇದ್ದು ಕೆಟ್ಟಿದ್ದರೆ ‘-ಸಿ’ ಬದಲು ‘-ಯು’. ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಇದನ್ನು ಮರೆಯಬೇಡಿ. ಕಟ್ಟು ಇಲ್ಲದ ಹೊತ್ತಿನಲ್ಲಿ ಮೆನು ತಯಾರಾಗಿದ್ದರೆ ಆ ಕರ್ನಲ್‌ನ ನಮೂದಿನಲ್ಲಿ ಇನಿಟ್‌ಆರ್‌ಡಿ ಸಾಲೇ ಇರುವುದಿಲ್ಲ. ಕಟ್ಟು ಮಾಡಿಯೂ ಪ್ಯಾನಿಕ್ ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಮಾಡುವ ಮುನ್ನ ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ ಕಮಾಂಡಿಗೆ ಹೊಸ ಫೈಲಿನ ಹೆಸರು ಕೊಟ್ಟು ನೋಡಿ. ಒಳಗಿನ ಪಟ್ಟಿ ತಪ್ಪಿಲ್ಲದೆ ಕೊನೆಯವರೆಗೆ ಬಂದರೆ ಕಟ್ಟು ಗಟ್ಟಿಯಾಗಿದೆ.

ಯಾವ ಹಳೆಯ ಕರ್ನಲ್ಲೂ ಏಳದಿದ್ದರೆ ಲೈವ್ ಯುಎಸ್‌ಬಿ ಬೇಕು. ರೂಟ್ ಪಾರ್ಟಿಶನ್ನನ್ನು ‘/ಎಂಎನ್‌ಟಿ’ಗೆ, ಬೇರೆಯಿದ್ದರೆ ‘/ಬೂಟ್’ ಮತ್ತು ‘/ಬೂಟ್/ಇಎಫ್‌ಐ’ಗಳನ್ನು ಅದರೊಳಗೆ ತಂತಮ್ಮ ಜಾಗಕ್ಕೆ ಮೌಂಟ್ ಮಾಡಿ. ‘/ಡೆವ್’, ‘/ಪ್ರಾಕ್’, ‘/ಸಿಸ್’, ‘/ರನ್’ ನಾಲ್ಕನ್ನೂ ‘ಮೌಂಟ್ --ಬೈಂಡ್’ನಿಂದ ಒಳಗೆ ಕಾಣಿಸಿ, ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’ ಮಾಡಿ ಡಿಸ್ಕಿನ ವ್ಯವಸ್ಥೆಯೊಳಗೆ ಹೊಕ್ಕು, ಮೇಲಿನದೇ ಕಮಾಂಡುಗಳನ್ನು ಓಡಿಸಿ. ‘/ಬೂಟ್’ ಮೌಂಟ್ ಮಾಡಲು ಮರೆತರೆ ಹೊಸ ಕಟ್ಟು ರೂಟ್ ಪಾರ್ಟಿಶನ್ನಿನ ಖಾಲಿ ಫೋಲ್ಡರಿಗೆ ಹೋಗಿ ಬೀಳುತ್ತದೆ, ಗ್ರಬ್‌ಗೆ ಅದು ಕಾಣುವುದಿಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕ್ ಆದರೆ ಇನ್ನೂ ಒಂದು ಎಚ್ಚರ: ‘ಕ್ರಿಪ್ಟ್‌ಸೆಟಪ್ ಓಪನ್’ ಮಾಡುವಾಗ ‘/ಇಟಿಸಿ/ಕ್ರಿಪ್ಟ್‌ಟ್ಯಾಬ್’ನಲ್ಲಿ ಬರೆದಿರುವ ಹೆಸರನ್ನೇ ಕೊಡಿ. ಮನಸ್ಸಿಗೆ ಬಂದ ಹೆಸರು ಕೊಟ್ಟರೆ, ರೂಟ್ ಯಾವ ಎನ್‌ಕ್ರಿಪ್ಟ್ ಡಿಸ್ಕಿನ ಮೇಲಿದೆ ಎಂಬ ಮಾಹಿತಿ ಕಟ್ಟಿನೊಳಗೆ ಸೇರದೆ, ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವ ಪರದೆಯೇ ಬರುವುದಿಲ್ಲ.

ಪ್ರಶ್ನೆ: ಕೆಲವು ಸಲ (0,0), ಕೆಲವು ಸಲ (8,2), ನನ್ನ ಇನ್ನೊಂದು ಬೋರ್ಡಿನಲ್ಲಿ (179,2). ಈ ಅಂಕಿಗಳಿಗೆ ಅರ್ಥವಿದೆಯೇ? (ಓದುಗರು, ಮೈಸೂರು)

ಉತ್ತರ: ಪ್ಯಾನಿಕ್ ಪರದೆಯಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವುದು ಅವೇ. ಮೊದಲನೆಯದು ಮೇಜರ್ ಸಂಖ್ಯೆ, ಡಿಸ್ಕಿನ ಜಾತಿ ಹೇಳುತ್ತದೆ. ಎರಡನೆಯದು ಮೈನರ್, ಆ ಜಾತಿಯಲ್ಲಿ ಯಾವುದು ಎಂದು ಹೇಳುತ್ತದೆ. 8 ಎಂದರೆ ‘ಎಸ್‌ಡಿ’ ಹೆಸರಿನ ಡಿಸ್ಕ್‌ಗಳು: ಸಾಟಾ, ಯುಎಸ್‌ಬಿ ಎರಡೂ. ಒಂದೊಂದು ಡಿಸ್ಕಿಗೆ 16 ಮೈನರ್ ಮೀಸಲು. ಹಾಗಾಗಿ (8,2) ಎಂದರೆ ಎಸ್‌ಡಿಎ2, (8,17) ಎಂದರೆ ಎಸ್‌ಡಿಬಿ1. 179 ಎಸ್‌ಡಿ ಕಾರ್ಡ್ ಮತ್ತು ಇಎಂಎಂಸಿ. 259 ಬಂದರೆ ಸಾಮಾನ್ಯವಾಗಿ ಎನ್‌ವಿಎಂಇ.

ಸೊನ್ನೆಯಲ್ಲದ ಅಂಕಿ ಬಂದರೆ ಕರ್ನಲ್‌ಗೆ ಪಾರ್ಟಿಶನ್ ಯಾವುದೆಂದು ತಿಳಿದಿದೆ, ಅದರೊಳಗಿನ ಫೈಲ್‌ಸಿಸ್ಟಂ ಓದಲು ಆಗಿಲ್ಲ ಎಂದೇ ಹೆಚ್ಚಾಗಿ ತಿಳಿಯಬೇಕು. ಆ ಫೈಲ್‌ಸಿಸ್ಟಂನ ಡ್ರೈವರ್ ಕರ್ನಲ್ ಒಳಗಿಲ್ಲ, ‘ರೂಟ್‌ಎಫ್‌ಎಸ್‌ಟೈಪ್=’ ತಪ್ಪಾಗಿದೆ, ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಂನ ವಿವರ ಬರೆದಿಡುವ ಜಾಗ) ಹಾಳಾಗಿದೆ, ಇಲ್ಲವೇ ನೀವು ತೋರಿಸಿದ್ದು ಸ್ವಾಪ್ ಅಥವಾ ಎನ್‌ಕ್ರಿಪ್ಟ್ ಪಾರ್ಟಿಶನ್.

ಪ್ಯಾನಿಕ್ ಸಾಲಿಗಿಂತ ಸ್ವಲ್ಪ ಮೇಲೆ ಕರ್ನಲ್ ತನಗೆ ಕಂಡ ಪಾರ್ಟಿಶನ್‌ಗಳ ಪಟ್ಟಿಯನ್ನೂ ಅಚ್ಚು ಮಾಡಿರುತ್ತದೆ. ಅದನ್ನು ಓದದೆ ಯಾವ ನಿರ್ಧಾರವನ್ನೂ ಮಾಡಬೇಡಿ. ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಇದ್ದು ಹೆಸರು ಮಾತ್ರ ಬೇರೆಯಿದ್ದರೆ ‘ರೂಟ್=’ ತಪ್ಪು. ಪಟ್ಟಿ ಖಾಲಿಯಿದ್ದರೆ ಡ್ರೈವರ್ ಇಲ್ಲ, ಅಥವಾ ಡಿಸ್ಕ್ ಆ ಕ್ಷಣಕ್ಕೆ ಇನ್ನೂ ಎದ್ದಿರಲಿಲ್ಲ. ಪರದೆ ಸರಿದುಹೋಗುತ್ತದೆ ಎಂದಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನಕ್ಕೆ ಓದಿ. ಬೋರ್ಡ್‌ಗಳಲ್ಲಿ ಸೀರಿಯಲ್ ಕೇಬಲ್ ಹಾಕಿಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ಕರ್ನಲ್ಲನ್ನು ನಾನೇ ಕಂಪೈಲ್ ಮಾಡಿ ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡಲು ನೋಡುತ್ತಿದ್ದೇನೆ. ‘ರೂಟ್=/ಡೆವ್/ಎಸ್‌ಡಿಎ2’ ಕೊಟ್ಟರೆ ಏಳುತ್ತದೆ, ‘ರೂಟ್=ಯುಯುಐಡಿ=’ ಕೊಟ್ಟರೆ ಪ್ಯಾನಿಕ್. ಯುಯುಐಡಿ ಸರಿಯಾಗಿಯೇ ಇದೆ. (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಯುಯುಐಡಿ ಬರೆದಿರುವುದು ಫೈಲ್‌ಸಿಸ್ಟಂನ ಸೂಪರ್‌ಬ್ಲಾಕ್ ಒಳಗೆ. ಅದನ್ನು ಓದಲು ಪ್ರತಿಯೊಂದು ಫೈಲ್‌ಸಿಸ್ಟಂನ ರಚನೆಯೂ ಗೊತ್ತಿರಬೇಕು. ಆ ಕೆಲಸವನ್ನು ಯೂಸರ್‌ಸ್ಪೇಸ್‌ನ ಯುಡೆವ್, ಬಿಎಲ್‌ಕೆಐಡಿ ಮಾಡುತ್ತವೆ, ಕರ್ನಲ್ ಮಾಡುವುದಿಲ್ಲ. ಪಾರ್ಟ್‌ಯುಯುಐಡಿ ಇರುವುದು ಪಾರ್ಟಿಶನ್ ಟೇಬಲ್‌ನಲ್ಲಿ. ಟೇಬಲನ್ನು ಕರ್ನಲ್ ಹೇಗೂ ಓದಲೇಬೇಕು, ಹಾಗಾಗಿ ‘ರೂಟ್=ಪಾರ್ಟ್‌ಯುಯುಐಡಿ=...’ ಅದಕ್ಕೆ ನೇರವಾಗಿ ಅರ್ಥವಾಗುತ್ತದೆ. ‘ಸುಡೊ ಬಿಎಲ್‌ಕೆಐಡಿ’ ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ. ಜಿಪಿಟಿ ಡಿಸ್ಕಿನಲ್ಲಿ ಅದು 32 ಹೆಕ್ಸ್ ಅಂಕಿಗಳ ಉದ್ದದ ಸಂಖ್ಯೆ. ಹಳೆಯ ಎಂಬಿಆರ್ ಟೇಬಲ್‌ನಲ್ಲಿ 8 ಹೆಕ್ಸ್ ಅಂಕಿಗಳ ಡಿಸ್ಕ್ ಸಹಿ, ಅದರ ಮುಂದೆ ‘-02’ ಎಂಬಂತೆ ಪಾರ್ಟಿಶನ್ ನಂಬರ್.

‘/ಡೆವ್/ಎಸ್‌ಡಿಎ2’ ಈಗ ಕೆಲಸ ಮಾಡುತ್ತಿದೆ ಎಂದು ಅದನ್ನೇ ನೆಚ್ಚಿಕೊಳ್ಳಬೇಡಿ. ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಯಾವ ಡಿಸ್ಕ್ ಮೊದಲು ಉತ್ತರ ಕೊಟ್ಟಿತು ಎಂಬುದರ ಮೇಲೆ ನಿಂತಿವೆ. ಇನ್ನೊಂದು ಡಿಸ್ಕ್ ಸೇರಿದ ದಿನ ಅದಲು ಬದಲಾಗಬಹುದು.

ಇನಿಟ್‌ರಾಮ್‌ಎಫ್‌ಎಸ್ ಬಿಡುವುದಾದರೆ ಡಿಸ್ಕ್ ಕಂಟ್ರೋಲರ್ ಡ್ರೈವರ್, ಅಂದರೆ ಎಎಚ್‌ಸಿಐ ಅಥವಾ ಎನ್‌ವಿಎಂಇ, ಮತ್ತು ಎಕ್ಸ್ಟ್4 ಫೈಲ್‌ಸಿಸ್ಟಂ ಎರಡೂ ಕಾನ್ಫಿಗರೇಶನ್‌ನಲ್ಲಿ ‘ಎಂ’ (ಬೇರೆ ಮಾಡ್ಯೂಲ್ ಫೈಲ್) ಅಲ್ಲ, ‘ವೈ’ (ಕರ್ನಲ್ ಒಳಗೇ ಬೆಸೆದದ್ದು) ಆಗಿರಬೇಕು. ‘/ಡೆವ್’ ತುಂಬುವ ಡೆವ್‌ಟಿಎಂಪಿಎಫ್‌ಎಸ್ ಮತ್ತು ಅದನ್ನು ತಾನಾಗಿ ಮೌಂಟ್ ಮಾಡುವ ಆಯ್ಕೆಯನ್ನೂ ‘ವೈ’ ಮಾಡಿ. ಇಲ್ಲದಿದ್ದರೆ ರೂಟ್ ಮೌಂಟ್ ಆಗಿಯೂ ಕನ್ಸೋಲ್ ತೆರೆಯಲಾಗಲಿಲ್ಲ ಎಂಬ ಎಚ್ಚರಿಕೆ ಬಂದು ಪರದೆ ಮೌನವಾಗುತ್ತದೆ. ಇನ್ನು, ಮುಂದೆ ಎಂದಾದರೂ ಇನಿಟ್‌ರಾಮ್‌ಎಫ್‌ಎಸ್ ಸಮೇತ ಕಟ್ಟುವಾಗ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಜೊತೆಗೆ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಎಂದು, ಆ ಹೆಸರನ್ನು ದೊಡ್ಡಕ್ಷರದಲ್ಲಿ, ಸೇರಿಸಿ. ಮಾಡ್ಯೂಲ್‌ಗಳಲ್ಲಿ ಡೀಬಗ್ ಮಾಹಿತಿ ಉಳಿದರೆ ಕಟ್ಟು ನೂರಾರು ಎಂಬಿ ಊದಿಕೊಂಡು, ಹಿಂದಿನ ಪ್ರಶ್ನೆಯ ‘/ಬೂಟ್’ ತುಂಬುವ ತೊಂದರೆ ನಿಮ್ಮ ಮನೆಗೇ ಬರುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಕಚೇರಿಯ ಒಂದು ಕಂಪ್ಯೂಟರ್ ‘ಬ್ಯುಸಿಬಾಕ್ಸ್ ... (ಇನಿಟ್‌ರಾಮ್‌ಎಫ್‌ಎಸ್)’ ಎಂದು ತೋರಿಸಿ ಸುಮ್ಮನಿದೆ. ಇನ್ನೊಂದರಲ್ಲಿ ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆವು, ಅದರಲ್ಲೂ ಇದೇ ಪರದೆ. (ಓದುಗರು, ಹುಬ್ಬಳ್ಳಿ)

ಉತ್ತರ: ಪರದೆ ಒಂದೇ, ಕಾಯಿಲೆ ಎರಡು. ಎರಡರಲ್ಲೂ ಪ್ರಾಂಪ್ಟಿನ ಮೇಲಿನ ಸಾಲುಗಳನ್ನು ಓದಿ.

ಕರೆಂಟ್ ಹೋದ ಯಂತ್ರದಲ್ಲಿ ‘ಮ್ಯಾನ್ಯುಯಲ್ ಎಫ್‌ಎಸ್‌ಸಿಕೆ’ (ಫೈಲ್‌ಸಿಸ್ಟಂ ಪರೀಕ್ಷಿಸಿ ತಿದ್ದುವ ಕಮಾಂಡ್) ಬೇಕು ಎಂಬ ಸಾಲು ಇರುತ್ತದೆ, ಜೊತೆಗೆ ‘/ಡೆವ್/ಎಸ್‌ಡಿಎ2’ ಥರದ ಹೆಸರು. ಪಾರ್ಟಿಶನ್ ಸಿಕ್ಕಿದೆ, ಅದರಲ್ಲಿರುವ ತಪ್ಪುಗಳನ್ನು ಕೇಳದೆ ತಿದ್ದುವುದು ಸುರಕ್ಷಿತವಲ್ಲ ಎಂದು ಸ್ಕ್ರಿಪ್ಟ್ ನಿಂತಿದೆ. ಎಕ್ಸ್ಟ್4 ಆದರೆ ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’ ಕೊಟ್ಟು, ಮುಗಿದ ಮೇಲೆ ‘ಎಕ್ಸಿಟ್’ ಎನ್ನಿ. ಬೂಟ್ ಮುಂದುವರಿಯುತ್ತದೆ. ಅದಕ್ಕೂ ಮೊದಲು ‘ಡಿಎಂಇಎಸ್‌ಜಿ’ ಕೊಟ್ಟು ‘ಐ/ಒ ಎರರ್’ ಸಾಲುಗಳಿವೆಯೇ ನೋಡಿ. ಇದ್ದರೆ ಡಿಸ್ಕ್ ಅಥವಾ ಕೇಬಲ್ ನಿಜಕ್ಕೂ ಸೋಲುತ್ತಿದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಇದ್ದದ್ದೂ ಹೋಗಬಹುದು. ಮೊದಲು ಲೈವ್ ಯುಎಸ್‌ಬಿಯಿಂದ ಡೇಟಾ ನಕಲು ತೆಗೆಯಿರಿ. ಎಕ್ಸ್‌ಎಫ್‌ಎಸ್ ಆದರೆ ‘ಎಕ್ಸ್‌ಎಫ್‌ಎಸ್_ರಿಪೇರ್’. ಬಿಟಿಆರ್‌ಎಫ್‌ಎಸ್‌ನಲ್ಲಿ ‘ಚೆಕ್ --ರಿಪೇರ್’ ಅನ್ನು ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ಮುಟ್ಟಬೇಕು.

ಕ್ಲೋನ್ ಮಾಡಿದ ಲ್ಯಾಪ್‌ಟಾಪಿನಲ್ಲಿ ‘ಅಲರ್ಟ್! ಯುಯುಐಡಿ=... ಡಸ್ ನಾಟ್ ಎಕ್ಸಿಸ್ಟ್’ ಎಂದಿರುತ್ತದೆ. ಅಲ್ಲೇ ‘ಕ್ಯಾಟ್ /ಪ್ರಾಕ್/ಪಾರ್ಟಿಶನ್ಸ್’ ಕೊಡಿ. ಎನ್‌ವಿಎಂಇ ಹೆಸರಿನ ಸಾಲುಗಳೇ ಇಲ್ಲದಿದ್ದರೆ ಡ್ರೈವರ್ ಏರಿಲ್ಲ. ‘ಮಾಡ್‌ಪ್ರೋಬ್ ಎನ್‌ವಿಎಂಇ’ ಕೊಟ್ಟು ಮತ್ತೆ ನೋಡಿ. ಆಗಲೂ ಕಾಣದಿದ್ದರೆ ‘ಮಾಡ್‌ಪ್ರೋಬ್ ವಿಎಂಡಿ’. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಯ ಎಷ್ಟೋ ಲ್ಯಾಪ್‌ಟಾಪ್‌ಗಳು ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಇಟ್ಟಿರುತ್ತವೆ, ಆ ಮಾಡ್ಯೂಲ್ ಏರದೆ ಡಿಸ್ಕ್ ಕಾಣುವುದಿಲ್ಲ. ಈಗ ಕಂಡರೆ ‘ಎಕ್ಸಿಟ್’. ಎದ್ದ ಮೇಲೆ ಆ ಮಾಡ್ಯೂಲಿನ ಹೆಸರನ್ನು ‘/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್’ ಫೈಲಿಗೆ ಸೇರಿಸಿ ಕಟ್ಟನ್ನು ಹೊಸದಾಗಿ ಮಾಡಿ. ಬಯಾಸ್‌ನಲ್ಲಿ ವಿಎಂಡಿಯನ್ನು ಬಂದ್ ಮಾಡಿ ಎಎಚ್‌ಸಿಐಗೆ ಬದಲಿಸುವ ದಾರಿಯೂ ಇದೆ. ಆದರೆ ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಹುಷಾರು. ಅದಕ್ಕೂ ಬೂಟ್ ಹೊತ್ತಿಗೆ ಬೇಕಾದ ಡ್ರೈವರ್ ಸಿದ್ಧವಿರುವುದಿಲ್ಲ, ನೀಲಿ ಪರದೆ ಬರುತ್ತದೆ.

‘ಮಾಡ್‌ಪ್ರೋಬ್’ ಮಾಡ್ಯೂಲೇ ಇಲ್ಲ ಎಂದರೆ ಹಳೆಯ ಯಂತ್ರದಲ್ಲಿ ಕಟ್ಟನ್ನು ಆ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರ್ ಹಾಕಿ ಕಟ್ಟಲಾಗಿತ್ತು. ಫೆಡೋರಾ, ರೆಡ್ ಹ್ಯಾಟ್‌ಗಳಲ್ಲಿ ಡ್ರೇಕಟ್ ಹೀಗೆಯೇ ಕಟ್ಟುತ್ತದೆ. ಅಲ್ಲಿ ಮೆನುವಿನಲ್ಲಿರುವ ‘ರೆಸ್ಕ್ಯೂ’ ನಮೂದು ಎಲ್ಲ ಡ್ರೈವರ್ ಹೊತ್ತಿರುತ್ತದೆ. ಅದರಿಂದ ಎದ್ದು ‘ಸುಡೊ ಡ್ರೇಕಟ್ -ಎಫ್ --ರಿಜನರೇಟ್-ಆಲ್’ ಕೊಟ್ಟರೆ ಸಾಕು.

ಡಿಸ್ಕ್ ಕಾಣುತ್ತಿದೆ, ಯುಯುಐಡಿ ಮಾತ್ರ ಬೇರೆ ಎಂದಾದರೆ ‘ಬಿಎಲ್‌ಕೆಐಡಿ’ ತೋರಿಸುವ ಹೊಸ ಸಂಖ್ಯೆಯನ್ನು ಬರೆದುಕೊಂಡು ರೀಸ್ಟಾರ್ಟ್ ಮಾಡಿ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ‘ರೂಟ್=’ ತಿದ್ದಿ, ಎಫ್10 ಒತ್ತಿ. ಈ ತಿದ್ದುಪಡಿ ಒಂದು ಸಲಕ್ಕೆ ಮಾತ್ರ. ಎದ್ದ ಮೇಲೆ, ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಾದ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ತಿದ್ದಿ ಅಪ್‌ಡೇಟ್-ಗ್ರಬ್ ಓಡಿಸಿ. ಹಳೆಯ ಡಿಸ್ಕನ್ನೂ ಅದೇ ಯಂತ್ರದಲ್ಲಿ ಜೋಡಿಸಿಟ್ಟು ಬೂಟ್ ಮಾಡಬೇಡಿ. ಬೈಟಿಗೆ ಬೈಟ್ ಕ್ಲೋನ್ ಆದರೆ ಎರಡಕ್ಕೂ ಒಂದೇ ಯುಯುಐಡಿ, ಯಾವುದು ಮೌಂಟ್ ಆಗುತ್ತದೆ ಎಂದು ಹೇಳಲಾಗದು. ಬಿಟಿಆರ್‌ಎಫ್‌ಎಸ್‌ನಲ್ಲಂತೂ ಇದರಿಂದ ಡೇಟಾ ಕೆಡುವ ಅಪಾಯವಿದೆ.

ಪ್ರಶ್ನೆ: ರೂಟ್ ಮೊದಲು ಓದಲಷ್ಟೇ ಬರುವಂತೆ ‘ಆರ್‌ಒ’ ಎಂದು ಮೌಂಟ್ ಆಗುವುದೇಕೆ? ಕರ್ನಲ್ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ನೋಡುವುದಿಲ್ಲವೇ? (ಓದುಗರು, ಕಲಬುರಗಿ)

ಉತ್ತರ: ಬರೆಯುತ್ತಿರುವ ಫೈಲ್‌ಸಿಸ್ಟಂ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಅದು ಕೆಡುತ್ತದೆ, ಪರೀಕ್ಷೆಗೆ ಅವಕಾಶವಿರಲಿ ಎಂದು ‘ಆರ್‌ಒ’. ಎಫ್‌ಎಸ್‌ಟ್ಯಾಬ್ ಇರುವುದು ರೂಟ್ ಒಳಗೇ ಆದ್ದರಿಂದ ಕರ್ನಲ್ ಅದನ್ನು ನೋಡುವುದಿಲ್ಲ. ರೂಟ್ ಮೌಂಟ್ ಆದ ನಂತರ ಸಿಸ್ಟಂಡಿ (ಇಂದಿನ ಹೆಚ್ಚಿನ ಲಿನಕ್ಸ್‌ಗಳ ಇನಿಟ್) ಅದನ್ನು ಓದಿ, ಅಲ್ಲಿನ ಆಯ್ಕೆಗಳಂತೆ ರೂಟನ್ನು ಮತ್ತೆ ‘ಆರ್‌ಡಬ್ಲ್ಯೂ’ (ಓದಲೂ ಬರೆಯಲೂ ಬರುವಂತೆ) ಆಗಿ ಮೌಂಟ್ ಮಾಡುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಬೇರೆ ಯಾವುದೋ ಡಿಸ್ಕಿನ ಸಾಲು ತಪ್ಪಿದ್ದರೆ 90 ಸೆಕೆಂಡ್ ಕಾದು ‘ಎಮರ್ಜೆನ್ಸಿ ಮೋಡ್’ ಬರುತ್ತದೆ. ಅದು ರೂಟ್ ತೊಂದರೆಯಲ್ಲ. ಆ ಸಾಲಿಗೆ ‘ನೋಫೇಲ್’ ಸೇರಿಸಿ.

ಪ್ರಶ್ನೆ: ಶಾಲೆಯ ಲ್ಯಾಬಿನ ರಾಸ್ಪ್‌ಬೆರಿ ಪೈ ಕಾರ್ಡನ್ನು ಯುಎಸ್‌ಬಿ ಎಸ್‌ಎಸ್‌ಡಿಗೆ ನಕಲು ಮಾಡಿದೆವು. ಕೆಲವೊಮ್ಮೆ ಏಳುತ್ತದೆ, ಕೆಲವೊಮ್ಮೆ ಇಲ್ಲ. (ಶಿಕ್ಷಕರು, ಹಾಸನ)

ಉತ್ತರ: ‘ಕೆಲವೊಮ್ಮೆ’ ಎಂಬ ಮಾತೇ ಸುಳಿವು. ಯುಎಸ್‌ಬಿ ಡಿಸ್ಕ್ ಎದ್ದು ತನ್ನ ಗುರುತು ಹೇಳಲು ಕೆಲವು ಸೆಕೆಂಡ್ ಬೇಕು. ಕರ್ನಲ್ ಅದಕ್ಕೂ ಮೊದಲೇ ರೂಟ್ ಹುಡುಕಿದರೆ ಪ್ಯಾನಿಕ್. ‘ಸಿಎಂಡಿಲೈನ್.ಟಿಎಕ್ಸ್‌ಟಿ’ ಫೈಲಿನಲ್ಲಿ ‘ರೂಟ್‌ವೇಟ್’ ಪದ ಇದೆಯೇ ನೋಡಿ. ಇದ್ದರೆ ಡಿಸ್ಕ್ ಬರುವವರೆಗೆ ಕರ್ನಲ್ ಕಾಯುತ್ತದೆ. ‘ರೂಟ್‌ಡಿಲೇ=10’ ಕೊಟ್ಟರೆ 10 ಸೆಕೆಂಡ್ ಸುಮ್ಮನೆ ಕಾಯುತ್ತದೆ, ಡಿಸ್ಕ್ ಬೇಗ ಬಂದರೂ ಅಷ್ಟೇ; ಹಾಗಾಗಿ ರೂಟ್‌ವೇಟ್ ಮೇಲು. ಆದರೆ ‘ರೂಟ್=’ ತಪ್ಪಿದ್ದರೆ ರೂಟ್‌ವೇಟ್ ಇರುವ ಯಂತ್ರ ಪ್ಯಾನಿಕ್ ಕೂಡ ಆಗದೆ ಕಾಯುತ್ತಲೇ ಇರುತ್ತದೆ. ಮಕ್ಕಳಿಗೆ ಅದು ಹ್ಯಾಂಗ್ ಆದಂತೆ ಕಾಣುತ್ತದೆ.

ಆ ಫೈಲ್ ಫ್ಯಾಟ್ ಪಾರ್ಟಿಶನ್ನಿನಲ್ಲಿರುವುದರಿಂದ ವಿಂಡೋಸ್ ಯಂತ್ರದಲ್ಲೂ ತಿದ್ದಬಹುದು. ಇಡೀ ಫೈಲ್ ಒಂದೇ ಸಾಲಿನಲ್ಲಿರಬೇಕು. ನೋಡಲು ಚೆನ್ನಾಗಿರಲಿ ಎಂದು ಎಂಟರ್ ಒತ್ತಿ ಎರಡು ಸಾಲು ಮಾಡಿದರೆ ಮುಂದಿನ ಸಾಲು ಕರ್ನಲ್‌ಗೆ ತಲುಪುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಪಾರ್ಟಿಶನ್ ಹೊಸದಾಗಿ ಮಾಡಿ ಫೈಲ್‌ಗಳನ್ನಷ್ಟೇ ನಕಲು ಮಾಡಿದ್ದರೆ ಡಿಸ್ಕ್ ಸಹಿ ಬದಲಾಗಿದೆ. ಹೊಸ ಪಾರ್ಟ್‌ಯುಯುಐಡಿಯನ್ನು ಸಿಎಂಡಿಲೈನ್‌ನಲ್ಲೂ ಎಫ್‌ಎಸ್‌ಟ್ಯಾಬ್‌ನಲ್ಲೂ ಹಾಕಬೇಕು. ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಬಿಡುವುದೇ ಹೆಚ್ಚು. ಹಳೆಯ ಕಾರ್ಡ್ ಸ್ಲಾಟಿನಲ್ಲೇ ಉಳಿದಿದ್ದರೆ ತೆಗೆಯಿರಿ. ಇಷ್ಟಾದ ಮೇಲೂ ಎಸ್‌ಎಸ್‌ಡಿ ಆಗಾಗ ಮಾಯವಾದರೆ ಅಡಾಪ್ಟರ್ ಕಡೆ ನೋಡಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಫೋನ್ ಚಾರ್ಜರ್ ಸಾಲದು.

ಪ್ರಶ್ನೆ: ಡಿಸ್ಕ್ ಇಲ್ಲದ ಹತ್ತು ಯಂತ್ರಗಳನ್ನು ಒಂದೇ ಸರ್ವರಿನ ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್ ಮೂಲಕ ಹಂಚುವ ಫೈಲ್‌ಸಿಸ್ಟಂನಿಂದ) ಬೂಟ್ ಮಾಡಬಹುದೇ? (ಪಾಲಿಟೆಕ್ನಿಕ್ ಉಪನ್ಯಾಸಕರು, ತುಮಕೂರು)

ಉತ್ತರ: ಮಾಡಬಹುದು. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಮಾಡುವುದಾದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಕರ್ನಲ್ ಮಟ್ಟದ ಡಿಎಚ್‌ಸಿಪಿ (ಐಪಿ ವಿಳಾಸವನ್ನು ತಾನಾಗಿ ಪಡೆಯುವ ವ್ಯವಸ್ಥೆ), ಎನ್‌ಎಫ್‌ಎಸ್ ಮೇಲೆ ರೂಟ್ ಎಂಬ ಮೂರು ಆಯ್ಕೆಗಳೂ ‘ವೈ’ ಆಗಿರಬೇಕು. ಕಮಾಂಡ್ ಲೈನ್ ಹೀಗೆ: ‘ರೂಟ್=/ಡೆವ್/ಎನ್‌ಎಫ್‌ಎಸ್ ಎನ್‌ಎಫ್‌ಎಸ್‌ರೂಟ್=192.168.1.10:/ಎಸ್‌ಆರ್‌ವಿ/ಲ್ಯಾಬ್,ವರ್ಸ್=3,ಟಿಸಿಪಿ ಐಪಿ=ಡಿಎಚ್‌ಸಿಪಿ ಆರ್‌ಒ’. ‘/ಡೆವ್/ಎನ್‌ಎಫ್‌ಎಸ್’ ಎಂಬ ಸಾಧನ ನಿಜಕ್ಕೂ ಇಲ್ಲ, ಅದು ಕರ್ನಲ್‌ಗೆ ಕೊಡುವ ಗುರುತು ಮಾತ್ರ. ‘ವರ್ಸ್=3,ಟಿಸಿಪಿ’ ಬಿಟ್ಟರೆ ಕರ್ನಲ್ ಹಳೆಯ ರೂಢಿಯಂತೆ ಕೇಳಿ, ಇಂದಿನ ಸರ್ವರ್‌ಗಳು ಒಪ್ಪದೆ ಹೋಗಬಹುದು. ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ‘ನೋ_ರೂಟ್_ಸ್ಕ್ವಾಶ್’ ಇರಲಿ, ಇಲ್ಲದಿದ್ದರೆ ರೂಟ್ ಬಳಕೆದಾರನಿಗಷ್ಟೇ ತೆರೆಯುವ ಫೈಲ್‌ಗಳು ಸಿಗದೆ ಬೂಟ್ ಮಧ್ಯದಲ್ಲಿ ಮುರಿಯುತ್ತದೆ. ಈ ಆಯ್ಕೆ ಇರುವ ಎಕ್ಸ್‌ಪೋರ್ಟನ್ನು ಲ್ಯಾಬಿನ ಐಪಿ ವ್ಯಾಪ್ತಿಗೆ ಮಾತ್ರ ತೆರೆದಿಡಿ.

ಹತ್ತೂ ಯಂತ್ರಗಳು ಒಂದೇ ರೂಟ್ ಮೇಲೆ ಬರೆಯುವಂತೆ ಮಾತ್ರ ಬಿಡಬೇಡಿ. ‘/ವಾರ್’ ಒಳಗಿನ ಲಾಗ್, ಲಾಕ್ ಫೈಲ್‌ಗಳು ಒಂದರ ಮೇಲೊಂದು ಬಿದ್ದು ವಿಚಿತ್ರ ತೊಂದರೆಗಳು ಶುರುವಾಗುತ್ತವೆ. ರೂಟನ್ನು ‘ಆರ್‌ಒ’ ಇಟ್ಟು, ಬರೆಯುವ ಜಾಗಗಳಿಗೆ ಟಿಎಂಪಿಎಫ್‌ಎಸ್ ಕೊಡಿ. ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್ ಬಳಸಿ ಎನ್‌ಎಫ್‌ಎಸ್ ಮೇಲೆ ಓವರ್‌ಲೇ (ಬರೆದದ್ದನ್ನು ಬೇರೆಡೆ ಹಿಡಿದಿಡುವ ಮೇಲ್ಪದರ) ಹೊದಿಸಿ. ಎರಡನೆಯದಕ್ಕೆ ಮೊದಲ ಸಲ ಸ್ವಲ್ಪ ಹೆಚ್ಚು ಕೆಲಸವಿದೆ, ಆದರೂ ಲ್ಯಾಬಿಗೆ ಅದನ್ನೇ ಹೇಳುತ್ತೇವೆ: ವಿದ್ಯಾರ್ಥಿಗಳು ಏನು ಕೆಡಿಸಿದರೂ ರೀಸ್ಟಾರ್ಟ್ ಆದಾಗ ಯಂತ್ರ ಮೊದಲಿನಂತಾಗುತ್ತದೆ, ಮಕ್ಕಳು ಉಳಿಸಬೇಕಾದ ಕೆಲಸಕ್ಕೆ ‘/ಹೋಮ್’ ಮಾತ್ರ ಬೇರೆ ಎಕ್ಸ್‌ಪೋರ್ಟ್ ಆಗಿ ಕೊಟ್ಟರಾಯಿತು.